ಮುಂದೆ ಕೂರುವವಳು

ನಮ್ಮ ಹಾಯಿದೋಣಿ ಕ್ಲಬ್ಬಿನ ಸುದ್ದಿಪತ್ರ ಬರೆಯುವ ಕೆಲಸ ನನಗೆ ಗಂಟುಬಿದ್ದದ್ದು ಬೇರೆ ಯಾರೂ ಒಪ್ಪದೇ ಹೋದದ್ದಕ್ಕೆ. ಭಾನುವಾರದ ರೇಸಿನಲ್ಲಿ ಯಾರು ಗೆದ್ದರು, ಯಾರು ಯಾರ ದೋಣಿಗೆ ಗುದ್ದಿ ಮುಖ ಊದಿಸಿಕೊಂಡು ಕೂತರು, ಟೀ ಕೋಣೆಯ ನಲ್ಲಿ ಕೊನೆಗೂ ರಿಪೇರಿ ಆಯಿತೇ ಇಲ್ಲವೇ, ಇಷ್ಟೇ ನನ್ನ ಸಾಹಿತ್ಯ. ದೋಣಿಯಲ್ಲಿ ಮುಂದೆ ಕೂರುವ ಇವಳ ವಿಷಯ ಬರೆಯಲು ಕೂತಾಗಲೆಲ್ಲ ನಲ್ಲಿಯ ವಿಷಯಕ್ಕೇ ಓಡಿಹೋಗಿದ್ದೇನೆ. ಇವತ್ತು ಓಡುವುದಿಲ್ಲ.

ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ‘ಮುಂದಿನ ಸೀಟು’ ಎಂದು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಉಗುರ ಸಂದಿಯಲ್ಲಿ ಯಾವಾಗಲೂ ಬಿಳಿ ಪುಡಿ. ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ನಾವಿಟ್ಟ ಹೆಸರು ಮೈಕು. ಜಲಾಶಯದ ಆ ದಡದಲ್ಲಿ ಅವನು ಹೆಂಡತಿಗೆ ಬೈದರೆ ಈ ದಡದಲ್ಲಿ ನಾವು ಟೀ ಕಪ್ಪು ಕೆಳಗಿಟ್ಟು ಕೇಳುತ್ತಿದ್ದೆವು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದ ಮನುಷ್ಯ ಹೆಂಡತಿಯ ಕೈಗೆ ಮಾತ್ರ ಒಂದು ದಿನವೂ ಚುಕ್ಕಾಣಿ ಕೊಡಲಿಲ್ಲ. ನಾನು ಕೆಣಕಿದರೆ ಅವಳೇ ನಗುತ್ತಿದ್ದಳು. ‘ಕೊಟ್ರೆ ಅವರು ಎಲ್ಲಿ ಕೂರ್ಬೇಕು ಅಕ್ಕ? ಮುಂದೆ ಕೂತ್ರೆ ನನ್ನ ಬೈಯೋಕೆ ಹಿಂದೆ ತಿರುಗ್ಬೇಕಾಗತ್ತೆ, ಪಾಪ, ಕುತ್ತಿಗೆ ನೋಯತ್ತೆ.’

ಇಬ್ಬರು ಕೂರುವ ದೋಣಿಯಲ್ಲಿ ಒಂದು ಪದ್ಧತಿ ಇದೆ. ಗಾಳಿಗೆ ಎದುರಾಗಿ ನೇರ ಹೋಗಲು ಆಗುವುದಿಲ್ಲ, ಓರೆಯಾಗಿ ಅತ್ತ ಸ್ವಲ್ಪ, ಇತ್ತ ಸ್ವಲ್ಪ ಹೋಗಬೇಕು. ದಿಕ್ಕು ಬದಲಿಸುವಾಗಲೆಲ್ಲ ಹಾಯಿಯ ಅಡ್ಡಕೋಲು ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಸಿ ಬರುತ್ತದೆ. ಮುಂದೆ ಕೂತವರು ಕೈಯಲ್ಲಿದ್ದ ಹಾಯಿಯ ಹಗ್ಗ ಬಿಟ್ಟು, ತಲೆ ತಗ್ಗಿಸಿ, ಆಚೆ ಬದಿಗೆ ದಾಟಬೇಕು. ಅದಕ್ಕೇ ಹಿಂದೆ ಚುಕ್ಕಾಣಿ ಹಿಡಿದವರು ಮೊದಲು ‘ತಿರುಗಿಸ್ಲಾ?’ ಎಂದು ಕೇಳುತ್ತಾರೆ. ಮುಂದಿನವರು ‘ರೆಡಿ’ ಅನ್ನಬೇಕು. ಅನ್ನುವವರೆಗೆ ತಿರುಗಿಸುವ ಹಾಗಿಲ್ಲ. ಇದನ್ನು ಮೊದಲ ದಿನವೇ ಕಲಿಸುತ್ತೇವೆ. ಈ ಗಂಡ ಹೆಂಡತಿ ಇಪ್ಪತ್ತು ವರ್ಷ, ಭಾನುವಾರ ಭಾನುವಾರ, ಈ ಎರಡು ಮಾತು ಆಡಿಕೊಂಡು ಬಂದರು. ಮನೆಯಲ್ಲಿ ಇದಕ್ಕಿಂತ ಹೆಚ್ಚು ಮಾತಾಡುತ್ತಿದ್ದರೋ ಇಲ್ಲವೋ ನನಗೆ ಅನುಮಾನ.

ಕೊನೆಯ ರೇಸಿನಲ್ಲಿ ಹಗ್ಗ ಬಿಡುವುದು ಅವಳಿಗೆ ಒಂದು ಗಳಿಗೆ ತಡವಾಯಿತು, ದೋಣಿ ಮಗುಚಿತು. ದಡಕ್ಕೆ ಬಂದವನು ಒದ್ದೆ ಬಟ್ಟೆಯಲ್ಲೇ, ಎಲ್ಲರೆದುರು, ‘ಬೆಪ್ಪುತಕ್ಕಡಿ!’ ಎಂದ. ಜನ ನಕ್ಕರು. ಅವಳು ಮುಖ ಸಿಂಡರಿಸಿಕೊಂಡು ಮನೆಗೆ ಹೋದಳು. ಆ ರಾತ್ರಿ ಅವನೂ ಮಾತಾಡಲಿಲ್ಲ, ಇವಳೂ ಮಾತಾಡಲಿಲ್ಲ. ಬೆಳಿಗ್ಗೆ ಬಚ್ಚಲಲ್ಲಿ ಬಿದ್ದವನಿಗೆ ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು.

ಮಾತು ಕಲಿಸುವ ಡಾಕ್ಟರಮ್ಮ ಚಿತ್ರ ತೋರಿಸಿದರು, ಹಾಡು ಹಾಕಿದರು, ಬಾಯೆದುರು ಕನ್ನಡಿ ಹಿಡಿದರು. ಜಪ್ಪಯ್ಯ ಅಂದರೂ ಒಂದಕ್ಷರ ಬರಲಿಲ್ಲ. ಆರು ತಿಂಗಳೊಳಗೆ ಬಂದರೆ ಬಂತು, ಆಮೇಲೆ ಕಷ್ಟ ಎಂದರು. ಆ ಗಡುವು ಮುಗಿಯುತ್ತಾ ಬಂದಾಗ ಅವಳು ನನ್ನ ಮನೆ ಬಾಗಿಲಲ್ಲಿ ಬಂದು ನಿಂತಳು. ಕಾಲಲ್ಲಿದ್ದ ಚಪ್ಪಲಿ ಒಂದೊಂದೂ ಬೇರೆ ಬೇರೆ ಜೊತೆಯದು.

‘ಅಕ್ಕ, ಅವರನ್ನ ದೋಣೀಲಿ ಕರ್ಕೊಂಡು ಹೋಗ್ಬೇಕು. ನಾನೇ ನಡೆಸ್ತೀನಿ.’

‘ತಲೆ ಕೆಟ್ಟಿದ್ಯಾ ನಿನಗೆ? ನೀನು ಚುಕ್ಕಾಣಿ ಮುಟ್ಟಿದೋಳೇ ಅಲ್ಲ.’

‘ಇಪ್ಪತ್ತು ವರ್ಷ ಬೈಸ್ಕೊಂಡಿದೀನಲ್ಲ, ಅಷ್ಟು ಗೊತ್ತಾಗಲ್ವಾ? ನಾನು ತಿರುಗಿಸ್ಲಾ ಅಂತ ಕೇಳ್ತೀನಿ, ಅವರು ರೆಡಿ ಅಂತಾರೆ. ನೀರಿನ ಮೇಲೆ ಕೂತ್ರೆ ಅದು ಬಂದೇ ಬರತ್ತೆ. ಅದೊಂದು ಬಂದ್ರೆ ಉಳಿದದ್ದೆಲ್ಲ ಹಿಂದೇನೇ ಬರತ್ತೆ.’

‘ಬರ್ದೇ ಹೋದ್ರೆ?’

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ‘ಹಂಗನ್ಬೇಡಿ ಅಕ್ಕ. ಇಷ್ಟು ವರ್ಷ ಸಂಸಾರ ಮಾಡಿ, ಅವರು ನಂಗೆ ಆಡಿದ ಕೊನೇ ಮಾತು ಬೆಪ್ಪುತಕ್ಕಡಿ ಅಂತ ಆಗ್ಬಾರ್ದು. ಅದನ್ನ ಇಟ್ಕೊಂಡು ನಾನು ಹೆಂಗೆ ಬದುಕ್ಲಿ?’

ಕಮಿಟಿಯನ್ನು ಕೇಳಿದ್ದರೆ ಅವರು ಮೀಟಿಂಗಿನ ಮೇಲೆ ಮೀಟಿಂಗ್ ಮಾಡಿ, ಬಿಸ್ಕತ್ತು ತಿಂದು, ಬೇಡ ಎನ್ನುತ್ತಿದ್ದರು. ನಾನು ಕೇಳಲಿಲ್ಲ. ಒಂದು ಮಧ್ಯಾಹ್ನ, ಕ್ಲಬ್ಬು ಖಾಲಿಯಿದ್ದು ಗಾಳಿ ಹದವಾಗಿದ್ದಾಗ, ಟೀ ಕೋಣೆಯವನೂ ನಾನೂ ಸೇರಿ ಮೈಕುವನ್ನು ಎತ್ತಿ, ಲೈಫ್ ಜಾಕೆಟ್ ಬಿಗಿದು, ದೋಣಿಯ ಮುಂದಿನ ಜಾಗದಲ್ಲಿ ಕೂರಿಸಿದೆವು. ಎಡಗೈಗೆ ಹಗ್ಗ ಕೊಟ್ಟರೆ ಹಿಡಿದುಕೊಂಡ. ಏನಾದರೂ ಎಡವಟ್ಟಾದರೆ ಇರಲಿ ಎಂದು ನಾನು ಮೋಟಾರು ದೋಣಿಯಲ್ಲಿ ಪಕ್ಕದಲ್ಲೇ ಹೋದೆ.

ಅವಳು ಪರವಾಗಿಲ್ಲ ಎನ್ನುವ ಹಾಗೆ ನಡೆಸಿದಳು. ಎದುರಿಗೆ ಜಲಾಶಯದ ಕಲ್ಲುಗೋಡೆ ಬರುತ್ತಿತ್ತು. ಇನ್ನು ತಿರುಗಿಸಲೇಬೇಕು.

‘ತಿರುಗಿಸ್ಲಾ?’

ಅವನು ನೀರು ನೋಡುತ್ತಾ ಕೂತಿದ್ದ.

‘ರೀ, ತಿರುಗಿಸ್ಲಾ?’

ತುಟಿ ಅಲ್ಲಾಡಿತು ಎಂದು ನನಗೂ ಅನ್ನಿಸಿತು. ಅನ್ನಿಸಿದ್ದಷ್ಟೇ.

‘ತಿರುಗ್ಸೇ! ಗೋಡೆ ಬಂತು!’ ಎಂದು ಕಿರುಚಿದೆ.

‘ಅವರು ಹೇಳ್ಲಿ ಅಕ್ಕ! ಹೇಳ್ತಾರೆ, ಇರಿ!’ ಅವಳು ಅವನ ಕಡೆಗೆ ಬಗ್ಗಿದಳು. ‘ರೀ, ಒಂದೇ ಒಂದು ಮಾತು ಕಣ್ರೀ! ರೆಡಿ ಅನ್ರೀ! ತಿರುಗಿಸ್ಲಾ? ತಿರುಗಿಸ್ಲಾ?’

ಅವನು ಕಷ್ಟಪಟ್ಟು ಕುತ್ತಿಗೆ ಹಿಂದಕ್ಕೆ ಹೊರಳಿಸಿ ಅವಳನ್ನು ನೋಡಿದ. ಕಣ್ಣು ತುಂಬಿತ್ತು. ಬಾಯಿ ತೆರೆದು ಹಾಗೇ ಮುಚ್ಚಿಕೊಂಡ. ದೋಣಿ ಹೋಗಿ ಗೋಡೆಗೆ ಮೂತಿ ಗುದ್ದಿತು.

ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮೂತಿಯಲ್ಲಿ ತೂತು ಬಿದ್ದು ನೀರು ನುಗ್ಗತೊಡಗಿತು. ಭಾರ ಹಿಂದೆ ಹೋದರೆ ಮೂತಿ ಮೇಲೇಳುತ್ತದೆ. ‘ಅವನನ್ನ ಹಿಂದಕ್ಕೆ ಎಳ್ಕೋ! ನೀನು ಮುಂದೆ ಹೋಗಿ ತೂತಿಗೆ ಟವೆಲ್ ತುರುಕು!’ ಎಂದೆ. ಎಲ್ಲಿಂದ ಬಲ ಬಂತೋ, ಎಳೆದಳು. ಹಾಯಿ ಇಳಿಸಿದಳು, ನಾನೆಸೆದ ಹಗ್ಗ ಕಟ್ಟಿದಳು, ಟವೆಲ್ ತುರುಕಿದಳು. ಆಮೇಲೆ ಮುಂದೆ, ತನ್ನ ಹಳೆಯ ಜಾಗದಲ್ಲಿ, ಅವನಿಗೆ ಬೆನ್ನು ಹಾಕಿ ಕುಸಿದು ಕೂತಳು. ಅಳುತ್ತಲೂ ಇರಲಿಲ್ಲ. ನಾನು ಅವಳ ಮುಖ ನೋಡಲಾರದೆ ಮೋಟಾರು ಶುರು ಮಾಡಿದೆ.

ದಡ ಹತ್ತಿರ ಬಂದಾಗ ವೇಗ ಇಳಿಸಿ ಹಿಂದೆ ನೋಡಿದೆ. ಮೈಕುವಿನ ಎಡಗೈ ತಾನಾಗೇ ಚುಕ್ಕಾಣಿಯ ಮೇಲೆ ಹೋಗಿ ಕೂತಿತ್ತು. ಗಂಟಲಿನಿಂದ ಏನೋ ಕೆರೆದುಕೊಂಡು ಮೇಲೆ ಬಂತು.

‘ತಿ... ತಿರುಗಿಸ್ಲಾ?’

ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು. ಇಪ್ಪತ್ತು ವರ್ಷದಲ್ಲಿ ಅವನು ಒಮ್ಮೆಯೂ ‘ರೆಡಿ’ ಅಂದವನೇ ಅಲ್ಲ. ಅದು ಅವಳು ಹೇಳುವ ಮಾತು. ಅವನದೇನಿದ್ದರೂ ಕೇಳುವುದು. ನಾವಿಬ್ಬರು ಹೆಂಗಸರು ಅಷ್ಟೂ ಯೋಚಿಸದೆ ಅವನನ್ನು ಅವಳ ಜಾಗದಲ್ಲಿ ಕೂರಿಸಿ, ಅವಳ ಮಾತಿಗಾಗಿ ಪೀಡಿಸಿದ್ದೆವು.

ಅವಳು ಹಿಂದೆ ತಿರುಗಲಿಲ್ಲ. ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳು. ಅವನು ಮತ್ತೆ ಕೇಳಿದ.

‘ಹೇಳೇ!’ ಎಂದು ಕೂಗಿದೆ.

‘ರೆಡಿ,’ ಎಂದಳು. ‘ರೆಡಿ ಕಣ್ರೀ, ರೆಡಿ.’

ಇಲ್ಲಿಗೆ ನಿಲ್ಲಿಸಿದ್ದರೆ ಸುದ್ದಿಪತ್ರಕ್ಕೆ ಚೆನ್ನಾಗಿರುತ್ತಿತ್ತು. ಆದರೆ ಆ ಮಾತಿನ ಹಿಂದೆ ಇನ್ನೊಂದು ಮಾತು ಬರಲಿಲ್ಲ. ಅದು ರೂಢಿಯಿಂದ ಬಂದದ್ದು, ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರಮ್ಮ. ಮನೆಯಲ್ಲಿ ಹಸಿವಾದರೂ ನೋವಾದರೂ ಅವನು ಸುಮ್ಮನೆ ಗೋಡೆ ನೋಡುತ್ತಾನೆ. ದೋಣಿಯಲ್ಲಿ ಕೂತರೆ ಮಾತ್ರ ಅದೊಂದು ಮಾತು. ಅದಕ್ಕೆ ಅವಳು ಪ್ರತಿ ಭಾನುವಾರ ಅವನನ್ನು ಕರೆತರುತ್ತಾಳೆ. ಒಡೆದ ದೋಣಿ ಕ್ಲಬ್ಬಿನ ಅಂಗಳದಲ್ಲಿ ಸ್ಟ್ಯಾಂಡಿನ ಮೇಲಿದೆ. ಕಂಬ ಬಿಚ್ಚಿಟ್ಟಿದ್ದಾರೆ, ಹಾಯಿಯೂ ಇಲ್ಲ. ಅವನನ್ನು ಹಿಂದೆ ಕೂರಿಸಿ ತಾನು ಮುಂದೆ ಕೂರುತ್ತಾಳೆ. ಅವನು ಕೇಳುತ್ತಾನೆ. ಅವಳು ‘ರೆಡಿ’ ಎಂದು, ಇಲ್ಲದ ಅಡ್ಡಕೋಲಿಗೆ ತಲೆ ತಗ್ಗಿಸಿ ಆಚೆ ಬದಿಗೆ ದಾಟುತ್ತಾಳೆ. ಮತ್ತೆ ಕೇಳುತ್ತಾನೆ, ಮತ್ತೆ ದಾಟುತ್ತಾಳೆ. ನಮ್ಮವರು ಟೀ ಹಿಡಿದುಕೊಂಡು ಬೇರೆ ಕಡೆ ನೋಡುತ್ತಾರೆ.

ಹೋದ ಭಾನುವಾರ ನಾನು ಅವರಿಗೆ ಟೀ ಕೊಡಲು ಹೋದೆ. ಅವನು ‘ತಿರುಗಿಸ್ಲಾ?’ ಎಂದ. ಅವಳು ಅಲ್ಲಾಡದೆ ಕೂತೇ ಇದ್ದಳು. ಅವನು ಮತ್ತೆ ಕೇಳಿದ, ಈ ಸಲ ಸ್ವಲ್ಪ ಜೋರಾಗಿ. ಅವಳು ಕಿವಿಯನ್ನೆಲ್ಲ ಹಿಂದಕ್ಕೆ ಕೊಟ್ಟು ಹಾಗೇ ಕೂತಿದ್ದಳು.

‘ಯಾಕೇ, ಹೇಳಲ್ವಾ?’ ಎಂದೆ.

‘ಶ್, ಸುಮ್ನಿರಿ ಅಕ್ಕ,’ ಎಂದಳು ಪಿಸುದನಿಯಲ್ಲಿ. ‘ಬೇಕಂತಲೇ ತಡ ಮಾಡ್ತಿದೀನಿ. ಬೆಪ್ಪುತಕ್ಕಡಿ ಅಂತ ಬೈತಾರೇನೋ ನೋಡೋಣ.’