ದೇವರ ಮನೆಯಲ್ಲಿ ಬಿತ್ತಿದ ಕನಕಾಂಬರ

ಬಿನ್ನಿಪೇಟೆಯಲ್ಲಿದ್ದ ತಮ್ಮ ತವರಿನ ವಠಾರವನ್ನು ಕೆಡವಿದಾಗ ನಮ್ಮ ಅತ್ತೆ ಅಲ್ಲಿಂದ ತಂದದ್ದು ಒಂದು ಡಬ್ಬಿ ಕನಕಾಂಬರದ ಒಣ ತೆನೆ, ಅಷ್ಟೇ. ಅವರ ಅಮ್ಮ ನೆಟ್ಟ ಗಿಡ ಅದು. ವರ್ಷವಿಡೀ ಹೂ ಬಿಡುತ್ತಿದ್ದ ಆ ಗಿಡದ ಮೇಲೆ ಗೋಡೆ ಬಿದ್ದಿತ್ತು. ಈ ಬೀಜ ಹುಟ್ಟಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮದು ಬಸವೇಶ್ವರನಗರದಲ್ಲಿ ಎರಡನೇ ಮಹಡಿ. ಅತ್ತೆ ತೆನೆಗಳ ಮೇಲೆ ನೀರು ಚಿಮುಕಿಸಿದರು. ಅವು ಪಟಪಟನೆ ಸಿಡಿದು ಬೀಜ ಅಡುಗೆಮನೆಯ ತುಂಬ ಹಾರಿತು. ನಾವಿಬ್ಬರೂ ನೆಲದ ಮೇಲೆ ಕೂತು ಆರಿಸಿದೆವು. ಅತ್ತೆ ಸೊಸೆ ಜಗಳವಿಲ್ಲದೆ ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಡಿಸೆಂಬರಿನ ಚಳಿ. ಬೀಜ ಮೊಳೆಯಲು ಬೆಚ್ಚಗಿರಬೇಕು, ಬಾಲ್ಕನಿಯಲ್ಲಿ ನಮಗೇ ನಡುಕ. ದೇವರ ಮನೆ ಪುಟ್ಟದು, ದೀಪ ಉರಿಯುತ್ತಿರುತ್ತದೆ ಎಂದು ಅತ್ತೆ ಬೀಜ ಬಿತ್ತಿದ ಮಣ್ಣಿನ ಟ್ರೇಯನ್ನು ಅಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿದರು. ತೆಗೆದು ತೆಗೆದು ನೋಡಬಾರದು ಎಂದು ಅಪ್ಪಣೆಯಾಯಿತು. ತಾಳ್ಮೆ ಎಂಬುದು ನನ್ನ ಜಾತಕದಲ್ಲೇ ಇಲ್ಲ. ಒಂದು ಬೆಳಿಗ್ಗೆ ಬಟ್ಟೆ ಎತ್ತಿಯೇ ಬಿಟ್ಟೆ. ಹುಳಿ ವಾಸನೆ, ಮಣ್ಣಿನ ತುಂಬ ಬಿಳೀ ಬೂಷ್ಟು.

ಮಾವ ಆಗಷ್ಟೇ ಪೂಜೆ ಮುಗಿಸಿದ್ದರು. "ಅದಕ್ಕೆ ನಾನೇ ಹಾಕ್ತಾ ಇದೀನಿ ಕಣಮ್ಮ," ಅಂದರು ಸಂತೋಷದಿಂದ. "ಅಭಿಷೇಕದ ಹಾಲು, ಜೇನುತುಪ್ಪ. ಚರಂಡಿಗೆ ಹೋಗ್ಬಾರ್ದು, ಗಿಡದ ಬುಡಕ್ಕೇ ಹಾಕ್ಬೇಕು. ಮನೇಲಿ ಮಣ್ಣು ಅಂತ ಇರೋದು ಇದೊಂದೇ."

ನನಗೆ ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಂದರು: "ರೀ, ಅದು ನಮ್ಮಮ್ಮನ ಗಿಡ ರೀ." ಸದಾ ಜೋರು ಮಾಡುವ ಹೆಂಗಸು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾವನ ಮುಖ ಇಷ್ಟೇ ಇಷ್ಟಾಯಿತು.

ಅಂದು ಅವರು ತಿಂಡಿ ಮುಟ್ಟಲಿಲ್ಲ. ಪೇಪರ್ ಹಾಸಿ, ಟ್ರೇ ಬೋರಲು ಹಾಕಿ, ಕನ್ನಡಕ ಏರಿಸಿ ಒಂದೊಂದೇ ಬೀಜ ಹುಡುಕಿದರು. ಮುಕ್ಕಾಲು ಪಾಲು ಕೊಳೆತಿದ್ದವು. ಗಟ್ಟಿಯಿದ್ದವನ್ನು ಅತ್ತೆ ತೊಳೆದು ಹೊಸ ಮಣ್ಣಿನಲ್ಲಿ ಬಿತ್ತಿ, ಈ ಸಲ ಸದಾ ಬೆಚ್ಚಗಿರುವ ಫ್ರಿಜ್ ಮೇಲಿಟ್ಟರು. ಆಮೇಲೆ ಮಾವ ಅಭಿಷೇಕದ ಚೊಂಬು ಹಿಡಿದು, ಮಂಡಿನೋವಿನಲ್ಲೂ ಮೆಟ್ಟಿಲಿಳಿದು, ಬೀದಿಯ ಹೊಂಗೆ ಮರಕ್ಕೆ ಹಾಕಿ ಬರತೊಡಗಿದರು.

ಸಂಕ್ರಾಂತಿ ಕಳೆದು ಬಿಸಿಲು ಚುರುಕಾದ ಮೇಲೆ ಒಂದು ದಿನ "ಬಾರೇ ಇಲ್ಲಿ!" ಎಂದು ಅತ್ತೆ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು. ಎರಡೇ ಎರಡು ಮೊಳಕೆ. ಒಂದು ಬಾಡಿತು, ಇನ್ನೊಂದು ಬದುಕಿ ಬಾಲ್ಕನಿಯ ಕುಂಡ ಸೇರಿತು. ಬೇಸಿಗೆಯೆಲ್ಲಾ ಅದಕ್ಕೆ ನೆರಳು ಮಾಡುವುದೇ ನಮ್ಮ ಮೂವರ ಕೆಲಸವಾಯಿತು.

ಶ್ರಾವಣದಲ್ಲಿ ಮೊದಲ ಹೂ ಬಿಟ್ಟಿತು. ಮೊದಲ ಹೂ ದೇವರಿಗೆ, ನಮ್ಮ ಮನೆಯಲ್ಲಿ ಅದಕ್ಕೆ ಎರಡು ಮಾತಿಲ್ಲ. ದೇವರ ಹೂವನ್ನು ಮೂಸುವ ಹಾಗೂ ಇಲ್ಲ. ಮಲ್ಲಿಗೆ ಮೂಸಿ ನಾನು ಅತ್ತೆಯಿಂದ ಎಷ್ಟು ಸಲ ಬೈಸಿಕೊಂಡಿದ್ದೇನೋ. ಮಾವ ತಟ್ಟೆ ಹಿಡಿದು ಕಾಯುತ್ತಿದ್ದರು. ಅತ್ತೆ ಹೂ ಬಿಡಿಸಿದರು, ಮೂಗಿಗೆ ಒತ್ತಿಕೊಂಡರು, ಕಣ್ಣು ಮುಚ್ಚಿ ಹಾಗೇ ನಿಂತುಬಿಟ್ಟರು. ಕನಕಾಂಬರಕ್ಕೆ ವಾಸನೆಯೇ ಇಲ್ಲ.

ಮಾವ ಖಾಲಿ ತಟ್ಟೆಯನ್ನು ಒಳಗಿಟ್ಟು ಬಂದರು. "ದೇವ್ರಿಗೆ ನಾಳೆ ಇಟ್ರಾಯ್ತು ಬಿಡು," ಅಂದರು.