ಬಿರಾಗೊಳ ಬಾಗಿಲಿಗೆ ಬಂದ ಬಾಟಲಿ

ಕುಮಾಸಿ ನಗರದ ಬಂತಾಮಾ ಬಡಾವಣೆಯ ಕಡೆ ಮದುವೆ ಮಾತು ಎತ್ತಿದವರೆಲ್ಲ ಮೊದಲು ಹೋಗುವುದು ಬಿರಾಗೊಳ ಅಂಗಡಿಗೆ, ಪಾದ್ರಿಯ ಹತ್ತಿರ ಆಮೇಲೆ. ಬರಿಗೈಯಲ್ಲಿ ಹೋಗಿ ಹೆಣ್ಣು ಕೇಳುವುದುಂಟೆ? ಗಂಡಿನ ಕಡೆಯವರು ಹೆಣ್ಣಿನ ಮನೆಯ ಬಾಗಿಲು ತಟ್ಟಬೇಕಾದರೆ ಕೈಯಲ್ಲಿ ಬಾಟಲಿ ಬೇಕು, ಬಾಟಲಿಗೆ ಅಲಂಕಾರ ಬೇಕು. ಬಿರಾಗೊ ವೈನ್ ಬಾಟಲಿಯ ಹೊಟ್ಟೆಗೆ ಕೆಂಟೆ ಎಂಬ ಬಣ್ಣಬಣ್ಣದ ಕೈಮಗ್ಗದ ಬಟ್ಟೆಯ ಪಟ್ಟಿ ಸುತ್ತಿ, ಕೊರಳಿಗೆ ಮಣಿಸರ ಹಾಕಿ, ಮುಚ್ಚಳಕ್ಕೆ ಲೇಸಿನ ಟೋಪಿ ತೊಡಿಸಿ ಕೊಡುತ್ತಾಳೆ. ಅಂಟು ಬಿಸಿಯಿರುವಾಗಲೇ ಬಟ್ಟೆ ಎಳೆದು ಕೂರಿಸಬೇಕು. ಸುಟ್ಟು ಸುಟ್ಟು ಅವಳ ಹೆಬ್ಬೆರಳಿಗೆ ಈಗ ಬಿಸಿಯೇ ಗೊತ್ತಾಗುವುದಿಲ್ಲ. ಒಳಗಿರುವುದು ಎಂಥ ಹುಳಿ ವೈನೇ ಆಗಲಿ, ಅವಳ ಕೈಯಿಂದ ಹೊರಟರೆ ಅದಕ್ಕೆ ಮದುಮಗಳ ಕಳೆ. ಕುಡಿಯದ ಚರ್ಚಿನವರು ದ್ರಾಕ್ಷಿರಸದ ಬಾಟಲಿ ತರುತ್ತಾರೆ. ಅದಕ್ಕೂ ಅದೇ ಉಡುಗೆ, ಅದೇ ಮರ್ಯಾದೆ.

ಇಷ್ಟು ಜನರ ಮದುವೆಗೆ ಕೈ ಹಚ್ಚಿದ ಬಿರಾಗೊಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ಅಡೊಮಾಕೊ ಇದ್ದ. ಟ್ಯಾಕ್ಸಿ ಓಡಿಸುವವನು, ಕುಡಿತ ಇಲ್ಲ, ಹೊಡೆತ ಇಲ್ಲ, ಒಳ್ಳೆಯವನೇ. ಇಬ್ಬರು ಮಕ್ಕಳೂ ಇದ್ದರು. ದೊಡ್ಡವಳಿಗೆ ಆಗಲೇ ಅಮ್ಮನ ಚಪ್ಪಲಿ ಸರಿಹೋಗುತ್ತಿತ್ತು. ಆದರೆ ಅವನು, ಹೆಣ್ಣು ಕೊಡಬೇಕಾದ ಅವಳ ಸೋದರಮಾವನ ಮನೆಗೆ ಬಾಟಲಿ ಒಯ್ದಿರಲಿಲ್ಲ. ಬಾಟಲಿ ಒಯ್ಯದವನು ನಮ್ಮಲ್ಲಿ ಗಂಡನಲ್ಲ. ಮನೆಗೆ ಬಂದುಹೋಗುವ ಗಂಡಸು, ಅಷ್ಟೇ. "ಬರೋ ಕ್ರಿಸ್‌ಮಸ್‌ಗೆ ಖಂಡಿತ" ಎನ್ನುತ್ತಿದ್ದ. ಕ್ರಿಸ್‌ಮಸ್ ಮಾತ್ರ ತಪ್ಪದೆ ಬರುತ್ತಿತ್ತು.

ಹೋದ ವರ್ಷ ಅವಳ ಅಪ್ಪ ತೀರಿಕೊಂಡಾಗ ತಂಗಿಯರ ಗಂಡಂದಿರು ಅಳಿಯಂದಿರ ಸಾಲಿನಲ್ಲಿ ಕೂತರು. ಅಡೊಮಾಕೊ ಕೂಡ ಕಪ್ಪು ಬಟ್ಟೆ ಹೊದ್ದು ಅತ್ತ ಹೊರಟ. ಯಾರೋ ನಯವಾಗಿ ತೋಳು ಹಿಡಿದು ಅವನನ್ನು ದೂರದ ಶಾಮಿಯಾನದಲ್ಲಿ, ಜನರೇಟರ್ ಪಕ್ಕ ಕೂರಿಸಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಬಿರಾಗೊಗೆ. ಅವನು ಅಲ್ಲೇ ಕೂತು ಎರಡು ತಟ್ಟೆ ಅನ್ನ ಉಂಡ.

ಅಂಗಡಿಯ ಪಕ್ಕ ಬಾಳೆಕಾಯಿ ಸುಟ್ಟು ಮಾರುವ ಮನ್ಸಾಳ ಬಾಯಿಗೆ ಬೀಗವಿಲ್ಲ.

"ಅಲ್ವೇ ಬಿರಾಗೊ, ಊರಿನ ಬಾಟ್ಲಿಗೆಲ್ಲ ಬಟ್ಟೆ ಉಡಿಸ್ತೀಯ, ನಿಮ್ಮನೆ ಗಂಡಸಿಗೆ ಒಂಚೂರು ಮಾನ ಉಡ್ಸೋಕಾಗಲ್ವೇನೇ?"

"ಅಳತೆ ಸಿಗ್ತಿಲ್ಲ ಕಣೇ" ಎಂದಳು ಬಿರಾಗೊ, ಕತ್ತರಿಯಿಂದ ಕಣ್ಣೆತ್ತದೆ. 

ಈ ವರ್ಷ ಚರ್ಚಿನಲ್ಲಿ ಅಡೊಮಾಕೊನನ್ನು ಹಿರಿಯರ ಮಂಡಳಿಗೆ ಸೇರಿಸುವ ಮಾತು ಬಂತು. ಶಾಸ್ತ್ರಬದ್ಧವಾಗಿ ಮದುವೆಯಾಗದವನು ಹಿರಿಯನಾಗುವಂತಿಲ್ಲ ಎಂದರು ಪಾದ್ರಿ. ಅಂದು ಮನೆಗೆ ಬಂದವನಿಗೆ ಎಲ್ಲಿಲ್ಲದ ಅವಸರ.

"ಶನಿವಾರ ನಿಮ್ಮಾವನ ಮನೆಗೆ ಹೋಗಿ ಬಾಗಿಲು ತಟ್ಟೋ ಶಾಸ್ತ್ರ ಮುಗಿಸಿಬಿಡೋಣ ಕಣೆ."

ಸಾರು ಬಡಿಸುತ್ತಿದ್ದ ಬಿರಾಗೊಳ ಕೈ ನಿಂತಿತು. ಇಷ್ಟು ವರ್ಷ ಕಾದ ಮಾತು. ಅಳು ಬರಬೇಕಿತ್ತು, ಬಂದದ್ದು ಅನುಮಾನ.

"ಬಾಟ್ಲಿ?"

"ನಿನ್ ಅಂಗ್ಡೀಲಿ ಸಾಲಾಗಿ ನಿಂತಿವೆಯಲ್ಲ, ಎರಡು ಎತ್ಕೊಂಡ್ರಾಯ್ತು. ಮನೇಲಿ ಬಾವಿ ಇಟ್ಕೊಂಡು ಯಾರಾದ್ರೂ ನೀರು ಕೊಳ್ತಾರಾ?"

ಅವಳು ಸಾರು ಬಡಿಸಿದಳು. 

ಶನಿವಾರ ಸೋದರಮಾವ ಒಪೊಂಗ್ ಅವರ ಅಂಗಳದಲ್ಲಿ ಎರಡೂ ಕಡೆಯವರು ಎದುರುಬದುರು ಕೂತರು. ಅಡೊಮಾಕೊನ ಅಣ್ಣ ಬಾಟಲಿಗಳನ್ನು ಮೇಜಿನ ಮೇಲಿಟ್ಟ. ಹಸಿರು, ಹೊನ್ನಿನ ಬಣ್ಣದ ಕೆಂಟೆ ಉಟ್ಟು ನಿಂತಿದ್ದವು. ನೆಂಟರು ಆಹಾ ಎಂದರು. ಒಪೊಂಗ್ ಗಂಟಲು ಸರಿಮಾಡಿಕೊಂಡರು. ಹೆಣ್ಣನ್ನು ಮೂರು ಸಲ ಕೇಳಿ, ಮೂರು ಸಲವೂ ಅವಳು ಹೂಂ ಎಂದರೇ ಮುಚ್ಚಳ ತೆಗೆಯುವುದು.

"ಮಗಳೇ ಬಿರಾಗೊ, ಇವ್ರು ಮದ್ಯ ತಂದಿದಾರೆ. ಕುಡಿಬಹುದಾ? ಕುಡಿದ್ಮೇಲೆ ವಾಪಸ್ ಕಕ್ಕೋಕಾಗಲ್ಲ, ನೋಡು."

"ಕುಡೀರಿ ಮಾವ, ಧಾರಾಳವಾಗಿ ಕುಡೀರಿ. ನಮ್ಮಂಗ್ಡೀದೇ."

ನಾಲ್ಕು ಜನ ನಕ್ಕರು. ಒಪೊಂಗ್ ನಗಲಿಲ್ಲ.

"ಇವ್ರು ತಂದಿದ್ದನ್ನ ಕುಡಿಬಹುದಾ ಅಂತ ಕೇಳ್ತಿರೋದು ನಾನು."

"ಇವ್ರೇನು ತಂದಿದಾರೆ ಮಾವ? ವೈನ್ ನಂದು, ಬಟ್ಟೆ ನಂದು, ಮಣಿ ನಂದು. ಸುಟ್ಕೊಂಡ ಬೆರಳೂ ನಂದೇ. ಇದನ್ನ ಹೆಂಡ್ತಿಯಾಗೋಕೆ ಅಂತ ಕುಡಿದ್ರೆ ನನ್ನನ್ನ ನಾನೇ ಕಟ್ಕೊಂಡ ಹಾಗಾಗುತ್ತೆ."

 ಅಣ್ಣ ತಿರುಗಿ ತಮ್ಮನ ಮುಖ ನೋಡಿದ. "ಕೊಂಡ್ಕೊಂಡೆ ಅಂದ್ಯಲ್ಲೋ!" ಅಡೊಮಾಕೊ ಕಾಲರ್ ಸಡಿಲಿಸಿದ. ಅದು ಮೊದಲೇ ಸಡಿಲವಾಗಿತ್ತು.

"ಮೂರನೇ ಸಲ ಕೇಳೋಣ ಅಂದ್ರೆ, ಕೇಳೋಕೆ ಇಲ್ಲಿ ಏನೂ ಕಾಣ್ತಿಲ್ವಲ್ಲ" ಎಂದರು ಒಪೊಂಗ್.

ಅಡೊಮಾಕೊ ಎದ್ದ. ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಟ್ಯಾಕ್ಸಿ ಹೊರಟ ಸದ್ದು ಕೇಳಿತು.  ಇದ್ದೊಬ್ಬನನ್ನೂ ಬಾಯಿಂದಲೇ ಓಡಿಸಿದೆನಲ್ಲ, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಎಂದುಕೊಂಡಳು ಬಿರಾಗೊ. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ನೆಂಟರು ಕೆಮ್ಮಿದರು. ಒಳಗೆ ಕೋಳಿ ಸಾರು ತಣ್ಣಗಾಗುತ್ತಿದೆ ಎಂದು ಅತ್ತೆ ಯಾರಿಗೋ ಹೇಳಿದಳು.

ಟ್ಯಾಕ್ಸಿ ಮತ್ತೆ ಬಂತು. ಅಡೊಮಾಕೊ ಬೆವರುತ್ತ ಒಳಬಂದ. ಕೈಯಲ್ಲೊಂದು ಕಪ್ಪು ಪ್ಲಾಸ್ಟಿಕ್ ಚೀಲ. ಒಳಗಿನಿಂದ ಒಂದೇ ಒಂದು ವೈನ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಮೂಲೆಯ ಹೆಂಡದಂಗಡಿಯದು. ಚೀಟಿ ಸೊಟ್ಟ, ಕೊರಳ ತುಂಬ ಧೂಳು, ಮೈಮೇಲೆ ಒಂದು ನೂಲೆಳೆಯೂ ಇಲ್ಲ.

"ಇದು ನಂದು" ಎಂದ. "ಇಷ್ಟು ತಡ ಮಾಡ್ಬಾರ್ದಿತ್ತು, ತಪ್ಪಾಯ್ತು."

ಬಿರಾಗೊ ನೋಡಿದಳು. ಗಿರಾಕಿ ಯಾರಾದರೂ ಇಂಥ ಬಾಟಲಿ ತಂದಿದ್ದರೆ ತೊಳೆದುಕೊಂಡು ಬಾ ಎಂದು ಓಡಿಸುತ್ತಿದ್ದಳು. ಈಗ ಅದರಷ್ಟು ಚೆಂದದ್ದು ಬೇರೊಂದು ಕಾಣಲಿಲ್ಲ. ಕಣ್ಣು ತುಂಬಿತು.

"ಮಗಳೇ, ಇದನ್ನ ಕುಡಿಬಹುದಾ?"

"ಇದನ್ನ ಕುಡೀರಿ ಮಾವ."

"ಹೊಸ ಬಾಟ್ಲಿ, ಹೊಸ ಲೆಕ್ಕ. ಇನ್ನೂ ಎರಡು ಸಲ ಕೇಳ್ಬೇಕು."

"ಕುಡೀರಿ, ಕುಡೀರಿ! ಇನ್ನೂ ತಡ ಮಾಡಿದ್ರೆ ಅದಕ್ಕೂ ಬಟ್ಟೆ ಸುತ್ತಿ ನಂದು ಮಾಡ್ಕೊಂಡ್‌ಬಿಡ್ತೀನಿ."