ಬೇಡ ಅನ್ನದ ಎಲೆನ್

ಆ ಮಂಗಳವಾರ ಇಲವಾಲದಿಂದ ಬಂದವಳು ಕಾಫಿ ಬೇಡ ಅಂದಳು.

ಆಗಲೇ ನನಗೆ ಅನುಮಾನ ಬರಬೇಕಿತ್ತು. ಯಾರು ಏನು ಕೊಟ್ಟರೂ ಬೇಡ ಅನ್ನುವವಳಲ್ಲ ಎಲೆನ್. ತಲೆನೋವು, ಬಿಸಿಲು ತಾಗಿರಬೇಕು ಅಂದಳು. ಧನುರ್ಮಾಸದ ಚಳಿಯಲ್ಲಿ ಎಂಥ ಬಿಸಿಲು? ಹಣೆ ಮುಟ್ಟಿ ನೋಡಿದೆ. ಸುಡುತ್ತಿತ್ತು.

ಅವಳು ಇಂಗ್ಲೆಂಡಿನಿಂದ ಬಂದಿದ್ದ ಮಿಷನರಿ. ಇನ್ನೂ ಚಿಕ್ಕ ವಯಸ್ಸು. ಬಂಗಲೆಯಲ್ಲೇ ಕೂತರೆ ಕನ್ನಡ ಬರುವುದಿಲ್ಲ ಎಂದು ಅವಳ ಹಿರಿಯರು ಚಾಮರಾಜಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇರಿಸಿದ್ದರು. ನಾನು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ಗಂಡ ತೀರಿಕೊಂಡ ಮೇಲೆ ಒಂಟಿ. ದಿನಾ ಲಿಂಗಪೂಜೆ ಮಾಡುವ ಮನೆ. ಮೊದಲ ದಿನವೇ ಹೇಳಿಬಿಟ್ಟೆ: "ನೋಡಮ್ಮ, ನನ್ನ ದೇವರ ತಂಟೆಗೆ ನೀನು ಬರಬೇಡ, ನಿನ್ನ ದೇವರ ತಂಟೆಗೆ ನಾನು ಬರಲ್ಲ. ಕನ್ನಡ ಎಷ್ಟು ಬೇಕಾದ್ರೂ ಕಲಿಸ್ತೀನಿ." ಒಪ್ಪಿಕೊಂಡಳು. ಮಾತಿಗೆ ತಪ್ಪಲೂ ಇಲ್ಲ.

ಬಂದ ಹೊಸದರಲ್ಲಿ ಬೀದಿಬೀದಿಗೆ ಕರಪತ್ರ ಹಂಚುತ್ತಿದ್ದಳು. ವಾರ ಕಳೆಯುವುದರೊಳಗೆ ಕಡಲೆಕಾಯಿ ಅಂಗಡಿಯವನು ಅದರಲ್ಲೇ ಪೊಟ್ಟಣ ಕಟ್ಟಿಕೊಟ್ಟ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು ಹುಡುಗಿ. ಹಂಚುವುದನ್ನು ಅಲ್ಲಿಗೆ ಬಿಟ್ಟಳು, ಕಡಲೆಕಾಯಿ ತಿನ್ನುವುದನ್ನು ಬಿಡಲಿಲ್ಲ.

ಪ್ರತಿ ಮಂಗಳವಾರ ಬಸ್ಸು ಹತ್ತಿ ಇಲವಾಲಕ್ಕೆ ಹೋಗಿ ಹೆಂಗಸರಿಗೆ ಹೊಲಿಗೆ, ಓದು ಕಲಿಸುತ್ತಿದ್ದಳು. ಹೊರಗೆ ಏನೂ ತಿನ್ನಕೂಡದು, ಕಾಯಿಸದ ನೀರು ಕುಡಿಯಕೂಡದು ಎಂದು ಮಿಷನ್ನಿನವರ ಕಟ್ಟಪ್ಪಣೆ. ಅಲ್ಲಿ ಚಿಕ್ಕತಾಯಮ್ಮ ಎಂಬ ಒಕ್ಕಲು ಮನೆಯ ಮುದುಕಿ ಮಜ್ಜಿಗೆ ಕೊಟ್ಟಾಗ ಇವಳು ಕೈ ಅಡ್ಡ ಹಿಡಿದಳಂತೆ. ಮುದುಕಿ ಮುಖದ ಮೇಲೇ ಕೇಳಿದಳಂತೆ: "ನಮ್ ದ್ಯಾವ್ರು ಬ್ಯಾಡ, ನಮ್ ಮಜ್ಜಿಗೇನೂ ಬ್ಯಾಡ. ಇನ್ಯಾಕವ್ವ ಬತ್ತೀಯ?"

ಅವತ್ತು ಮನೆಗೆ ಬಂದು ಅತ್ತಳು. ಮುಂದಿನ ವಾರ ಹೋಗಿ ಎರಡು ಲೋಟ ಕುಡಿದು ಬಂದಳು. ಅಂದಿನಿಂದ ಯಾರ ಮನೆಯಲ್ಲೂ ಯಾವುದಕ್ಕೂ ಬೇಡ ಅನ್ನಲಿಲ್ಲ. "ಜಾತಿ ನೋಡಬೇಡ, ಸರಿ. ನೊಣಾನಾದ್ರೂ ನೋಡೇ!" ಎಂದು ಬಯ್ಯುತ್ತಿದ್ದೆ. "ಗೌರಕ್ಕ, ನನ್ನ ಭಾಷಣ ಯಾರೂ ಕೇಳಲಿಲ್ಲ. ಮಜ್ಜಿಗೆ ಕುಡಿದ ಮೇಲೆ ಎಲ್ಲರೂ ಮಾತಾಡಿಸ್ತಾರೆ" ಎಂದು ನಗುತ್ತಿದ್ದಳು. ಅವಳು ಈ ಊರಿನಲ್ಲಿ ಕಲಿತ ದೊಡ್ಡ ಪಾಠ ಅದು. ನಾನು ಕಲಿಸಿದ್ದಲ್ಲ. ಒಂದೇ ಒಂದು ಮನೆಯಲ್ಲೂ ನೀರು ಮುಟ್ಟದ ನನಗೆ ಅದನ್ನು ಕಲಿಸುವ ಯೋಗ್ಯತೆಯೂ ಇರಲಿಲ್ಲ.

ಜ್ವರ ಇಳಿಯಲಿಲ್ಲ. ಬೆಳಗ್ಗೆ ಸ್ವಲ್ಪ, ಸಂಜೆ ಜಾಸ್ತಿ. ಆಸ್ಪತ್ರೆಗೆ ಸೇರಿಸಿದೆವು. ರಕ್ತ ತೆಗೆದು ವೈಡಲ್ ಟೆಸ್ಟ್ ಮಾಡಿದರು.

ಟೈಫಾಯಿಡ್.

ಅಡ್ಮಿಷನ್ ಮಾಡಿಕೊಳ್ಳುವಾಗ ನರ್ಸು ಕೇಳಿದಳು, "ನೀವು ಇವರಿಗೆ ಏನಾಗಬೇಕು?" ಆಸ್ಪತ್ರೆಯಲ್ಲಿ ಪ್ರತಿ ರೋಗಿಗೂ ಕಡೆಯವರು ಅಂತ ಒಬ್ಬರಿರಬೇಕಲ್ಲ. ಇವಳ ಕಡೆಯವರೆಲ್ಲ ಸಮುದ್ರದಾಚೆ. "ಅಕ್ಕ" ಅಂದೆ. ಅವಳ ಬಿಳಿ ಮುಖವನ್ನೂ ನನ್ನ ಕಪ್ಪು ಮುಖವನ್ನೂ ಒಮ್ಮೆ ನೋಡಿ ನರ್ಸು ಅದನ್ನೇ ಬರೆದುಕೊಂಡಳು.

ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ಕರುಳು ಈಗ ಒದ್ದೆ ಕಾಗದ ಇದ್ದ ಹಾಗೆ ಕಣಮ್ಮ. ಗಂಜಿತಿಳಿ, ಬಾರ್ಲಿ ನೀರು, ಗ್ಲೂಕೋಸ್, ಅಷ್ಟೇ. ಜ್ವರ ಬಿಟ್ರೂ ನಾನು ಹೇಳೋವರೆಗೂ ಗಟ್ಟಿ ಪದಾರ್ಥ ಒಂದು ತುತ್ತೂ ಕೂಡದು." ಅದನ್ನು ಎಲೆನ್‌ಗೂ ತಿಳಿಸಿದೆ. ಕ್ಲೋರೋಮೈಸಿಟಿನ್ ಎಂಬ ಹೊಸ ಮಾತ್ರೆಯನ್ನು ಬೆಂಗಳೂರಿನಿಂದ ತರಿಸಿದರು.

ನಾನು ರಜ ಹಾಕಿ ಕೂತೆ. ಪೂಜೆಗೆ ಮುಂಚೆ ಯಾರನ್ನೂ ಮುಟ್ಟದಿದ್ದವಳು ಈಗ ಬೆಡ್‌ಪ್ಯಾನ್ ಇಟ್ಟೆ, ತೆಗೆದೆ, ಮೈ ಒರೆಸಿದೆ, ಉದುರುವ ಕೂದಲನ್ನು ಬಾಚಿ ಸುತ್ತಿಟ್ಟೆ. ಏನೂ ಅಸಹ್ಯವೆನಿಸಲಿಲ್ಲ. ನನಗೆ ಮಕ್ಕಳಾಗಲಿಲ್ಲ. ತಾಯಂದಿರು ಮಕ್ಕಳಿಗೆ ಏನು ಮಾಡುತ್ತಾರೋ ಅದನ್ನು ಈ ವಯಸ್ಸಿನಲ್ಲಿ, ಬೇರೆ ದೇಶದ ಹುಡುಗಿಯೊಬ್ಬಳಿಗೆ ಮಾಡಿದೆ. ಅಕ್ಕ ಎಂದು ಬರೆಸಿದ್ದು ಸುಳ್ಳೆಂದು ಆಗ ತಿಳಿಯಿತು.

ಜ್ವರ ಬಿಟ್ಟಿತು.

ಚಾರ್ಟಿನಲ್ಲಿ ಗೆರೆ ಕೆಳಗಿಳಿದು ನಿಂತಿತು. ಕೆನ್ನೆ ಗುಳಿಬಿದ್ದಿದ್ದರೂ ಕಣ್ಣಿಗೆ ಕಳೆ ಬಂತು. ಹಸಿವು ಕೆರಳಿತು. "ಗೌರಕ್ಕ, ಗಂಜಿಗೆ ಕನ್ನಡದಲ್ಲಿ ಬಯ್ಗುಳ ಏನಾದರೂ ಇದೆಯಾ?" ಎಂದು ಕೇಳಿದಳು. ಬದುಕಿಕೊಂಡಳು ಎಂದು ಶಿವನಿಗೆ ಕೈಮುಗಿದೆ.

ಮಾರನೆಯ ದಿನ ಸ್ನಾನ, ಪೂಜೆ ಮುಗಿಸಿ ಬರಲು ಮನೆಗೆ ಹೋಗಿದ್ದೆ. ತಿರುಗಿ ಬಂದಾಗ ಚಿಕ್ಕತಾಯಮ್ಮ ಹಾಸಿಗೆಯ ಪಕ್ಕದಲ್ಲಿ ಕೂತಿದ್ದಳು. ಕೈಯಲ್ಲಿ ಖಾಲಿ ಪಾತ್ರೆ. ಮುಖ ಅರಳಿತ್ತು.

"ಇದ್ಕಿದವ್ರೆ ಸಾರು, ಒತ್ತು ಶಾವ್ಗೆ. ಮದ್ವೆ ಮನೇಲೂ ಇಂಗ್ ತಿನ್ನಕಿಲ್ಲ ಕಣ್ರವ್ವ, ಒಂದ್ ಕಾಳೂ ಬುಡದಂಗೆ ತಿಂದ್ಬುಡ್ತು ಕೂಸು!"

ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿದುಕಿ ಸಿಪ್ಪೆ ಬಿಡಿಸಬೇಕು. ಒಂದು ಪಾತ್ರೆ ಸಾರಿಗೆ ಅರ್ಧ ದಿನದ ಕೆಲಸ. ಮುದುಕಿಯ ಬೆರಳ ತುದಿಗಳು ಇನ್ನೂ ಸುಕ್ಕುಗಟ್ಟಿದ್ದವು. ನನ್ನ ಬಾಯಿಗೆ ಬಂದ ಮಾತನ್ನು ಎಲೆನ್ ಕಣ್ಣಲ್ಲೇ ತಡೆದಳು. ಮುದುಕಿ ಹೋದ ಮೇಲೆ ಮೆಲ್ಲಗೆ ಅಂದಳು, "ಬೇಡ ಅನ್ನೋಕೆ ಆಗಲಿಲ್ಲ, ಗೌರಕ್ಕ. ಮತ್ತೆ, ತುಂಬ ಹಸಿವೂ ಆಗಿತ್ತು."

ಮರುದಿನ ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಕಿರುಚಿದಳು.

ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಪರ್ಫೊರೇಶನ್ ಅಂದರು. ಕರುಳು ತೂತಾಗಿದೆ. ಆಪರೇಷನ್ ಥಿಯೇಟರಿಗೆ ಒಯ್ಯುವಾಗ ನನ್ನ ಸೆರಗು ಹಿಡಿದುಕೊಂಡಳು. "ಅವರಿಗೆ ಹೇಳಬೇಡಿ. ಅವರನ್ನು ಬಯ್ಯಬೇಡಿ."

ನಾನು ಮಾತು ಕೊಡಲಿಲ್ಲ. ಕೊಡುವ ಮನಸ್ಸಿರಲಿಲ್ಲ.

ಎರಡು ದಿನ ಇದ್ದಳು. ಆಮೇಲೆ ಇಲ್ಲ.

ಆ ಊಟದಿಂದಲೇ ಹೀಗಾಯ್ತಾ ಎಂದು ಡಾಕ್ಟರನ್ನು ಕೇಳಿದೆ. "ಅದರಿಂದಲೇ ಆಯ್ತು ಅಂತ ಹೇಳೋಕಾಗಲ್ಲ ಅಮ್ಮ. ಬರೀ ಗಂಜಿ ಕುಡಿದೋರಿಗೂ ಹೀಗಾಗಿದ್ದು ನೋಡಿದೀನಿ" ಅಂದರು. ಅದು ವೈದ್ಯರ ಮಾತೋ, ಕನಿಕರದ ಮಾತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳನ್ನು ಇಲ್ಲೇ ಮಣ್ಣು ಮಾಡಿದರು. ಅವರ ಹಾಡು, ಅವರ ಪ್ರಾರ್ಥನೆ. ನಾನು ಹಿಂದೆ ನಿಂತು, ಕತ್ತಿನ ಲಿಂಗವನ್ನು ಹಿಡಿದುಕೊಂಡು ಅತ್ತೆ. ಮನೆಗೆ ಬಂದರೆ ದುಃಖಕ್ಕಿಂತ ಸಿಟ್ಟೇ ಹೆಚ್ಚು. ಆ ಮುದುಕಿ ಎದುರಿಗೆ ಸಿಕ್ಕರೆ ಏನೇನು ಅನ್ನಬೇಕೆಂದು ಒಂದೊಂದು ಮಾತನ್ನೂ ಜೋಡಿಸಿಟ್ಟುಕೊಂಡೆ.

ಅವಳು ತಾನಾಗಿಯೇ ಬಂದಳು. ವಿಷಯ ಯಾರಿಂದಲೋ ತಿಳಿದು ಬಸ್ಸಿಳಿದು ಮನೆ ಹುಡುಕಿಕೊಂಡು ಬಂದಿದ್ದಳು. ಜಗಲಿಯ ಮೇಲೆ ಕುಸಿದು ಕೂತಳು. ಬಹಳ ಹೊತ್ತು ಅತ್ತಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು:

"ಆಸ್ಪತ್ರೇಲಿ ಬರೀ ನೀರ್ ಕುಡ್ಸಿ ಕುಡ್ಸಿ ಸಾಯಿಸ್ಬುಟ್ರು ಅಂತಾರೆ ನಮ್ಮೂರಲ್ಲಿ. ಕೂಸು ಒಟ್ಟೆ ಅಸ್ಕಂಡು ಓಗ್ನಿಲ್ಲ ಅಲ್ವಾ ಟೀಚರಮ್ಮ?"

ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದನ್ನಾದರೂ ಆಡಿದ್ದರೆ ಮುದುಕಿ ಅದನ್ನು ಸಾಯುವ ತನಕ ಹೊತ್ತುಕೊಂಡು ತಿರುಗಬೇಕಾಗಿತ್ತು.

"ಇಲ್ಲ ಕಣಮ್ಮ," ಅಂದೆ. "ಹಸ್ಕೊಂಡು ಹೋಗಲಿಲ್ಲ. ಕೊನೇ ಊಟ ನಿಮ್ಮ ಕೈಯಿಂದಲೇ ಆಯ್ತು."

"ಚೆಂದಾಗಿತ್ತು ಅಂದ್ಳಾ?"

"ಅಂದಳು."

ಅವಳು ಕಣ್ಣೊರೆಸಿಕೊಂಡಳು. ನಾನೂ ಪಕ್ಕದಲ್ಲಿ ಕೂತೆ. ಸಂಜೆಯ ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಎಲೆನ್ ವಿಷಯವನ್ನೇ ಮಾತಾಡಿದೆವು.